ಕಾರಿಗೆ ನಗರಗಳು ಯಾಕೆ ಕಡಿವಾಣ ಹಾಕುತ್ತವೆ?

ಪ್ರಶ್ನೆ: ಕಾರು ಕೊಳ್ಳುವಾಗ ತೆರಿಗೆ ಕಟ್ಟುತ್ತೇವೆ, ಇಂಧನ ಹಾಕಿಸಿದಾಗಲೂ ಕಟ್ಟುತ್ತೇವೆ. ಆದರೂ ಕೆಲವು ನಗರಗಳಲ್ಲಿ ಕಾರು ಇಟ್ಟುಕೊಳ್ಳಲು ಬೇರೆ ಪರವಾನಗಿ ಬೇಕಂತೆ. ಊರ ನಡುವೆ ಹೋದರೆ ಶುಲ್ಕವಂತೆ. ಇಂಥ ದಿನ ಇಂಥ ನಂಬರಿನ ಗಾಡಿ ಹೊರಗೆ ತೆಗೆಯಬಾರದಂತೆ. ರಸ್ತೆ ಅಗಲ ಮಾಡುವುದು ಬಿಟ್ಟು ಜನರ ಮೇಲೆ ಯಾಕೆ ಈ ಬರೆ? ಇದು ದುಡ್ಡು ಮಾಡುವ ದಾರಿ ತಾನೆ? ಹೊಗೆಯೇ ಕಾರಣ ಅನ್ನುವುದಾದರೆ ಎಲೆಕ್ಟ್ರಿಕ್ ಕಾರು ಬಂದ ಮೇಲೆ ಇದೆಲ್ಲ ನಿಲ್ಲಬೇಕು ಅಲ್ವಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಇಲ್ಲ, ಎಲೆಕ್ಟ್ರಿಕ್ ಕಾರು ಬಂದರೂ ಇದು ನಿಲ್ಲುವುದಿಲ್ಲ. ಹೊಗೆ ಒಂದು ಕಾರಣ, ನಿಜ. ಭಾಷಣಗಳಲ್ಲಿ ಅದೇ ಮೊದಲು ಬರುತ್ತದೆ. ಆದರೆ ನಗರ ನಡೆಸುವವರ ದೊಡ್ಡ ತಲೆನೋವು ಹೊಗೆಯಲ್ಲ, ಜಾಗ. ಎಲೆಕ್ಟ್ರಿಕ್ ಕಾರು ಹೊಗೆ ಬಿಡುವುದಿಲ್ಲ. ಆದರೆ ಪೆಟ್ರೋಲ್ ಕಾರಿಗೆ ಬೇಕಾದಷ್ಟೇ ರಸ್ತೆ ಅದಕ್ಕೂ ಬೇಕು. ಟೈರು, ಬ್ರೇಕು ಸವೆದು ಏಳುವ ಧೂಳೂ ಇದ್ದೇ ಇರುತ್ತದೆ. ಲಂಡನ್ ತನ್ನ ದಟ್ಟಣೆ ಶುಲ್ಕದಿಂದ ಎಲೆಕ್ಟ್ರಿಕ್ ಕಾರುಗಳಿಗೆ ವರ್ಷಗಟ್ಟಲೆ ಪೂರ್ತಿ ವಿನಾಯಿತಿ ಕೊಟ್ಟಿತ್ತು. 2025ರ ಕೊನೆಗೆ ಅದನ್ನು ತೆಗೆದುಹಾಕಿತು. ಹೊಗೆಯಿಲ್ಲದ ಕಾರುಗಳೇ ಸಾಲುಗಟ್ಟಿ ನಿಂತರೂ ಜಾಮ್ ಜಾಮೇ.

ಜಾಗದ ಲೆಕ್ಕ ನೋಡಿ. ಕಾರು ತನ್ನ ಆಯುಷ್ಯದಲ್ಲಿ ಹೆಚ್ಚುಕಮ್ಮಿ ಶೇ 95ರಷ್ಟು ಕಾಲ ಸುಮ್ನೆ ನಿಂತಿರುತ್ತದೆ. ನಿಲ್ಲಲು ಸುಮಾರು 12 ಚದರ ಮೀಟರ್ ಬೇಕು. ಪಾರ್ಕಿಂಗ್ ಕಟ್ಟಡದಲ್ಲಾದರೆ ಒಳಗೆ ಬರುವ ಹೋಗುವ ದಾರಿಯೂ ಸೇರಿ 25ರಿಂದ 30 ಚದರ ಮೀಟರ್. ಅಂದರೆ ಒಂದು ದೊಡ್ಡ ಕೋಣೆಯಷ್ಟು. ಅದೂ ಒಂದು ಕಡೆ ಇದ್ದರೆ ಸಾಲದು. ಮನೆಯ ಹತ್ತಿರ ಒಂದು ಜಾಗ, ಕೆಲಸದ ಹತ್ತಿರ ಇನ್ನೊಂದು, ಅಂಗಡಿಯ ಮುಂದೆ ಮತ್ತೊಂದು. ಓಡುವಾಗ ಇನ್ನೂ ಜಾಸ್ತಿ ಬೇಕು, ಯಾಕೆಂದರೆ ಮುಂದಿನ ಗಾಡಿಯಿಂದ ಅಂತರ ಬಿಡಬೇಕು. ಇಷ್ಟು ಜಾಗ ಹಿಡಿದುಕೊಂಡು ಕಾರಿನೊಳಗೆ ಇರುವವರು ಬಹಳ ಸಲ ಒಬ್ಬರೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲಿ ಹಾಸಿಗೆ ಒಂದೇ, ಮಲಗುವವರು ಲಕ್ಷಾಂತರ.

ಇನ್ನು ಜಾಮ್ ಹೇಗೆ ಹುಟ್ಟುತ್ತದೆ ಅನ್ನುವುದು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕಾರುಗಳು ತುಂಬ ಜಾಸ್ತಿಯಾದರೆ ಮಾತ್ರ ಜಾಮ್ ಆಗುತ್ತದೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಹಾಗಿಲ್ಲ, ಸ್ವಲ್ಪ ಜಾಸ್ತಿಯಾದರೂ ಸಾಕು. ಒಂದು ಸಿಗ್ನಲ್ ಇಟ್ಟುಕೊಳ್ಳಿ. ಒಂದು ಲೇನಿಗೆ 30 ಸೆಕೆಂಡ್ ಹಸಿರು ದೀಪ. ಎರಡು ಸೆಕೆಂಡಿಗೆ ಒಂದರಂತೆ 15 ಕಾರು ದಾಟುತ್ತವೆ. ಎರಡು ನಿಮಿಷಕ್ಕೊಮ್ಮೆ ಹಸಿರು ಬರುತ್ತದೆ. ಪ್ರತಿ ಸಲ 15 ಕಾರು ಬಂದರೆ ಎಲ್ಲವೂ ದಾಟಿ ಲೇನ್ ಖಾಲಿ. ಈಗ 15ರ ಬದಲು 16 ಬಂದವು ಅನ್ನಿ. ಮೊದಲ ಸಲ ಒಂದು ಉಳಿಯಿತು. ಎರಡನೇ ಸಲ ಎರಡು, ಮೂರನೇ ಸಲ ಮೂರು. ಗಂಟೆಗೆ 30 ಸಲ ಹಸಿರು ಬರುತ್ತದೆ, ಹಾಗಾಗಿ ಗಂಟೆ ಮುಗಿಯುವಷ್ಟರಲ್ಲಿ 30 ಕಾರು ಬಾಕಿ. ಸಾಲಿನ ಉದ್ದ ಸುಮಾರು 200 ಮೀಟರ್. ಆಗ ಬಂದು ಸೇರಿಕೊಂಡವನು ಎರಡು ಹಸಿರು ಪೂರ್ತಿ ಕಳೆದುಕೊಂಡ, ಅಂದರೆ ನಾಲ್ಕು ನಿಮಿಷ. ಸಾಲು ಇನ್ನೂ ಬೆಳೆದು ಹಿಂದಿನ ಸಿಗ್ನಲ್ ಮುಟ್ಟಿತೋ, ಅಲ್ಲಿ ಅಡ್ಡ ಹೋಗುವವರಿಗೂ ದಾರಿ ಬಂದ್. ಅವರಿಗೂ ಈ ರಸ್ತೆಗೂ ಸಂಬಂಧವೇ ಇರಲಿಲ್ಲ, ಪಾಪ.

ಇಷ್ಟಕ್ಕೂ ಜಾಸ್ತಿಯಾದದ್ದು 15ಕ್ಕೆ ಒಂದು. ಶೇಕಡಾ 7 ಕೂಡ ಅಲ್ಲ. ಇದನ್ನೇ ತಿರುಗಿಸಿ ನೋಡಿ. ಆ ಒಂದು ಕಾರನ್ನು ಬೇರೆ ಹೊತ್ತಿಗೋ, ಬಸ್ಸಿಗೋ, ಬೇರೆ ದಾರಿಗೋ ಕಳಿಸಿದರೆ ಸಾಲು ಹುಟ್ಟುವುದೇ ಇಲ್ಲ. ಶಾಲೆಗಳಿಗೆ ರಜೆ ಬಂದಾಗ ರಸ್ತೆ ಬಿಕೋ ಅನ್ನುತ್ತದಲ್ಲ, ಆಗಲೂ ಊರಿನ ಕಾರೆಲ್ಲ ಮನೆಯಲ್ಲೇ ಇರುವುದಿಲ್ಲ, ಒಂದು ಸಣ್ಣ ಪಾಲು ಇರುತ್ತದೆ ಅಷ್ಟೆ. ಎಲ್ಲರೂ ಕಾರು ಬಿಡಿ ಎಂದು ಯಾವ ನಗರವೂ ಕೇಳುತ್ತಿಲ್ಲ. ಹದಿನಾರನೆಯದು ಯಾವುದು ಎಂದು ಹೇಗೆ ಗೊತ್ತುಮಾಡುವುದು, ಅಷ್ಟೇ ಪ್ರಶ್ನೆ.

“ರಸ್ತೆ ಅಗಲ ಮಾಡಿ” ಅನ್ನುತ್ತೀರಿ. ಮಾಡಿ ನೋಡಿದ್ದಾರೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಕೇಟಿ ಫ್ರೀವೇ ಎಂಬ ಹೆದ್ದಾರಿಯನ್ನು 2008ರ ಹೊತ್ತಿಗೆ ಅಗಲ ಮಾಡಿ ಮುಗಿಸಿದರು. ಪಕ್ಕದ ಸರ್ವಿಸ್ ರಸ್ತೆಯೂ ಸೇರಿ ಕೆಲವು ಕಡೆ 26 ಲೇನ್. ಕೆಲವೇ ವರ್ಷಗಳಲ್ಲಿ ಪೀಕ್ ಅವರ್‌ನಲ್ಲಿ ಮತ್ತೆ ಅದೇ ತೆವಳಾಟ. ಆಂಥನಿ ಡೌನ್ಸ್ ಎಂಬ ಅರ್ಥಶಾಸ್ತ್ರಜ್ಞರು 1962ರಲ್ಲೇ ಇದನ್ನು ಬರೆದಿದ್ದರು. ರಸ್ತೆ ಖಾಲಿ ಆದ ಕೂಡಲೇ ಬೇರೆ ಹೊತ್ತಿಗೆ ಹೋಗುತ್ತಿದ್ದವರು ಇದೇ ಹೊತ್ತಿಗೆ ಬರುತ್ತಾರೆ, ಬೇರೆ ದಾರಿ ಹಿಡಿದವರು ಇತ್ತ ತಿರುಗುತ್ತಾರೆ, ರೈಲಿನವರು ಕಾರು ತೆಗೆಯುತ್ತಾರೆ. ಜಿಲ್ ಡುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಅಮೆರಿಕದ ನಗರಗಳ ಅಂಕಿಅಂಶ ತೆಗೆದು ನೋಡಿದಾಗ, ಹೆದ್ದಾರಿ ಎಷ್ಟು ಪಾಲು ಬೆಳೆದಿದೆಯೋ ವಾಹನಗಳ ಓಡಾಟವೂ ಹೆಚ್ಚುಕಮ್ಮಿ ಅಷ್ಟೇ ಪಾಲು ಬೆಳೆದಿತ್ತು. ಇದರ ಉಲ್ಟಾ ಕೂಡ ನಡೆದಿದೆ. ದಕ್ಷಿಣ ಕೊರಿಯಾದ ಸೋಲ್ ನಗರ 2003ರಲ್ಲಿ ಊರ ನಡುವಿನ ಎತ್ತರದ ಹೆದ್ದಾರಿಯನ್ನೇ ಕೆಡವಿ, ಅದರಡಿ ಮುಚ್ಚಿಹೋಗಿದ್ದ ಚೊಂಗ್ಯೇಚೊನ್ ಹೊಳೆಯನ್ನು 2005ರಲ್ಲಿ ಮತ್ತೆ ಹರಿಸಿತು. ಜೊತೆಗೆ ಬಸ್ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿತು. ಊರೇನೂ ನಿಂತುಹೋಗಲಿಲ್ಲ.

ಹಾಗಂತ ಹೊಸ ರಸ್ತೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಬೆಳೆಯುವ ಬಡಾವಣೆಗೆ ರಸ್ತೆ ಬೇಕೇ ಬೇಕು. ಆದರೆ ಕಟ್ಟಿ ಮುಗಿದ ಊರಿನ ನಡುವೆ ಒಂದು ಲೇನ್ ಸೇರಿಸಬೇಕಾದರೆ ಯಾರದೋ ಮನೆ, ಮರ, ಫುಟ್‌ಪಾತ್ ಹೋಗಬೇಕು. ಕೆಲವು ವರ್ಷದ ಸುಖಕ್ಕೆ ಆ ಬೆಲೆ ಜಾಸ್ತಿ.

ಈಗ ತೆರಿಗೆಯ ಮಾತು. ತೆರಿಗೆ ಕಟ್ಟುತ್ತೀರಿ, ಒಪ್ಪಿದೆ. ಆದರೆ ಆ ತೆರಿಗೆಗೆ ಗಡಿಯಾರವೂ ಗೊತ್ತಿಲ್ಲ, ನಕಾಶೆಯೂ ಗೊತ್ತಿಲ್ಲ. ಮಧ್ಯರಾತ್ರಿ ಖಾಲಿ ಹೆದ್ದಾರಿಯಲ್ಲಿ ಸುಟ್ಟ ಒಂದು ಲೀಟರಿಗೂ, ಬೆಳಿಗ್ಗೆ ಒಂಬತ್ತಕ್ಕೆ ಊರಿನ ಮಧ್ಯದ ಸಿಗ್ನಲ್ಲಿನಲ್ಲಿ ಸುಟ್ಟ ಒಂದು ಲೀಟರಿಗೂ ಒಂದೇ ತೆರಿಗೆ. ಮೊದಲನೆಯದರಿಂದ ಯಾರಿಗೂ ತೊಂದರೆಯಿಲ್ಲ. ಎರಡನೆಯದು ಹಿಂದೆ ನಿಂತ ಹತ್ತಾರು ಜನರ ನಿಮಿಷಗಳನ್ನು ತಿಂದಿದೆ. ಹದಿನಾರನೇ ಕಾರಿನವನು ತನ್ನ ಕಾಯುವಿಕೆಯನ್ನು ಅನುಭವಿಸುತ್ತಾನೆ, ತಾನು ಇತರರನ್ನು ಕಾಯಿಸಿದ್ದಕ್ಕೆ ಏನೂ ತೆರುವುದಿಲ್ಲ. ಇದನ್ನು ವಸೂಲಿ ಮಾಡಬೇಕು ಎಂದು 1950ರ ದಶಕದಿಂದ ಹೇಳುತ್ತಾ ಬಂದವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ವಿಲಿಯಂ ವಿಕ್ರಿ. 1996ರಲ್ಲಿ ಅವರಿಗೆ ನೊಬೆಲ್ ಬಂತು, ಘೋಷಣೆಯಾದ ಮೂರೇ ದಿನಕ್ಕೆ ತೀರಿಕೊಂಡರು. ಅವರದೇ ಊರಿನ ಮ್ಯಾನ್‌ಹಟನ್‌ನಲ್ಲಿ ಶುಲ್ಕ ಜಾರಿಗೆ ಬಂದದ್ದು 2025ರ ಜನವರಿ 5ರಂದು, ಕಾರಿಗೆ ಹಗಲು 9 ಡಾಲರ್.

ನಿಯಂತ್ರಣದಲ್ಲಿ ಎರಡು ಬಗೆ ಇದೆ: ಕಾರು ಕೊಳ್ಳುವುದನ್ನು ತಡೆಯುವುದು, ಓಡಿಸುವುದನ್ನು ತಡೆಯುವುದು. ಎರಡೂ ಒಂದೇ ಅಲ್ಲ. ಮನೆಯಲ್ಲಿ ಸುಮ್ಮನೆ ನಿಂತ ಕಾರು ಜಾಮ್ ಮಾಡುವುದಿಲ್ಲ. ಹಾಗಿದ್ದರೂ ಕೆಲವು ಸರ್ಕಾರಗಳು ಕೊಳ್ಳುವುದಕ್ಕೇ ಯಾಕೆ ಕೈ ಹಾಕುತ್ತವೆ? ಉತ್ತರಕ್ಕೆ ಸಿಂಗಪುರ ನೋಡಬೇಕು, ಅದು ಎರಡನ್ನೂ ಮಾಡಿದೆ.

ಅಲ್ಲಿ ಮೊದಲು ಶುರುವಾದದ್ದು ಓಡಿಸುವ ನಿಯಂತ್ರಣ, 1975ರ ಜೂನ್‌ನಲ್ಲಿ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆವರೆಗೆ ಊರ ಮಧ್ಯಕ್ಕೆ ಕಾರು ತರಬೇಕಾದರೆ 3 ಸಿಂಗಪುರ ಡಾಲರ್ ಕೊಟ್ಟು ಚೀಟಿ ಕೊಳ್ಳಬೇಕು, ಗಾಜಿಗೆ ಅಂಟಿಸಬೇಕು. ಗಡಿಯಲ್ಲಿ ಕಾವಲಿನವರು ಕಣ್ಣಿನಿಂದಲೇ ನೋಡುತ್ತಿದ್ದರು. ಕ್ಯಾಮೆರಾ ಇಲ್ಲ, ಕಂಪ್ಯೂಟರ್ ಇಲ್ಲ. ನಾಲ್ಕು ಜನ ಕೂತ ಕಾರಿಗೆ ಪುಕ್ಕಟೆ. ಆ ಹೊತ್ತಿನಲ್ಲಿ ಒಳಗೆ ಬರುವ ವಾಹನಗಳು ಶೇ 40ಕ್ಕೂ ಜಾಸ್ತಿ ಇಳಿದವು. ಜನ ಏನು ಕಮ್ಮಿ ಚಾಲಾಕೇ? ಗಡಿಯಾಚೆ ಕಾದಿದ್ದು ಒಂಬತ್ತೂವರೆ ಆದ ಕೂಡಲೇ ಒಳಗೆ ನುಗ್ಗತೊಡಗಿದರು. ಕೆಲವೇ ವಾರಗಳಲ್ಲಿ ಸರ್ಕಾರ ಹೊತ್ತನ್ನು ಹತ್ತೂಕಾಲಿಗೆ ತಳ್ಳಿತು. 1998ರಲ್ಲಿ ಚೀಟಿಯ ಜಾಗಕ್ಕೆ, ಅಡಿಯಲ್ಲಿ ಹೋದ ಗಾಡಿಯಿಂದ ತಾನೇ ಶುಲ್ಕ ವಸೂಲು ಮಾಡುವ ಎಲೆಕ್ಟ್ರಾನಿಕ್ ಕಮಾನು ಬಂತು. ಹೊತ್ತಿಗೆ ತಕ್ಕ ದರ, ರಸ್ತೆಗೆ ತಕ್ಕ ದರ.

ಆದರೆ ಊರಿನ ಗಾತ್ರ ಬೆಳೆಯುವುದಿಲ್ಲವಲ್ಲ. ಅದು ದ್ವೀಪ. ನೆಲದಲ್ಲಿ ಶೇ 12ರಷ್ಟು ಆಗಲೇ ರಸ್ತೆಗೆ ಹೋಗಿದೆ. ಸಂಬಳ ಏರಿದಂತೆ ಕಾರುಗಳೂ ಏರುತ್ತವೆ. ಹಾಗಾಗಿ 1990ರಲ್ಲಿ ಕೊಳ್ಳುವುದಕ್ಕೇ ಮಿತಿ ಹಾಕಿದರು. ಕಾರು ಬೇಕಾದವರು ಮೊದಲು ಒಂದು ಹಕ್ಕುಪತ್ರವನ್ನು ಹರಾಜಿನಲ್ಲಿ ಗೆಲ್ಲಬೇಕು. ತಿಂಗಳಿಗೆ ಎರಡು ಹರಾಜು. ಇಷ್ಟು ಪತ್ರ ಎಂದು ಮೊದಲೇ ಹೇಳಿಬಿಡುತ್ತಾರೆ, ಸೋತವರಲ್ಲಿ ಎಲ್ಲರಿಗಿಂತ ಜಾಸ್ತಿ ಕೂಗಿದವನ ಬೆಲೆಗೆ ಒಂದು ಡಾಲರ್ ಸೇರಿಸಿ, ಗೆದ್ದವರೆಲ್ಲ ಅಷ್ಟನ್ನೇ ಕೊಡುತ್ತಾರೆ. ಪತ್ರದ ಆಯುಷ್ಯ ಹತ್ತು ವರ್ಷ. ಆಮೇಲೆ ಅಂದಿನ ದರ ಕೊಟ್ಟು ನವೀಕರಿಸಬೇಕು, ಇಲ್ಲ ಕಾರನ್ನು ರಸ್ತೆಯಿಂದ ತೆಗೆಯಬೇಕು. 2018ರ ಫೆಬ್ರುವರಿಯಿಂದ ಕಾರುಗಳ ಸಂಖ್ಯೆ ಏರುವುದಕ್ಕೆ ಬಿಟ್ಟಿದ್ದ ಪಾಲನ್ನೂ ಸೊನ್ನೆ ಮಾಡಿದ್ದಾರೆ. ಹೆಚ್ಚುಕಮ್ಮಿ ಒಂದು ಹಳೆಯ ಕಾರು ಹೋದರೆ ಒಂದು ಹೊಸದು. 2023ರಲ್ಲಿ ಸಣ್ಣ ಕಾರಿನ ಪತ್ರದ ಬೆಲೆಯೇ 1 ಲಕ್ಷ ಸಿಂಗಪುರ ಡಾಲರ್ ದಾಟಿತ್ತು. ಕಾರಿನ ಬೆಲೆ ಬೇರೆ, ತಿಳಿಯಿರಿ.

ಇದರಲ್ಲಿ ಒಂದು ತಮಾಷೆ ಇದೆ. ಅಷ್ಟು ದುಡ್ಡು ಸುರಿದು ಹತ್ತು ವರ್ಷಕ್ಕೆ ಕಾರು ತಂದವನು ಅದನ್ನು ಮನೆಯಲ್ಲಿ ಇಡುತ್ತಾನೆಯೇ? ಕೊಟ್ಟ ದುಡ್ಡು ವಸೂಲಾಗಲಿ ಎಂದು ಎಲ್ಲ ಕಡೆಗೂ ಓಡಿಸುತ್ತಾನೆ. ಅದಕ್ಕೇ ಕೊಳ್ಳುವುದಕ್ಕೆ ಮಿತಿ ಹಾಕಿದ ಊರಿಗೂ ಓಡಿಸುವುದಕ್ಕೆ ಶುಲ್ಕ ತಪ್ಪಲಿಲ್ಲ.

ಚೀನಾದ ನಗರಗಳು ಇದೇ ಕೆಲಸಕ್ಕೆ ಬೇರೆ ಬೇರೆ ದಾರಿ ಹಿಡಿದವು. ಶಾಂಘೈ 1990ರ ದಶಕದಿಂದ ನಂಬರ್ ಪ್ಲೇಟ್ ಹರಾಜು ಹಾಕುತ್ತಿದೆ. ಒಂದು ತಗಡಿನ ಬೆಲೆ ಸುಮಾರು 90,000 ಯುವಾನ್‌ವರೆಗೆ ಏರಿ, ಸಣ್ಣ ಕಾರನ್ನೇ ಕೊಳ್ಳಬಹುದಾದಷ್ಟಾಗಿದೆ. ಬೀಜಿಂಗ್ ಲಾಟರಿ ಹಿಡಿಯಿತು. 2010ರ ಒಂದೇ ವರ್ಷದಲ್ಲಿ ಅಲ್ಲಿ 7 ಲಕ್ಷಕ್ಕೂ ಜಾಸ್ತಿ ವಾಹನ ಸೇರಿಕೊಂಡಿದ್ದವು. 2011ರಿಂದ ವರ್ಷಕ್ಕೆ 2.4 ಲಕ್ಷ ಪ್ಲೇಟ್ ಮಾತ್ರ ಎಂದರು, 2018ರ ಹೊತ್ತಿಗೆ 1 ಲಕ್ಷಕ್ಕೆ ಇಳಿಸಿದರು. ಲಾಟರಿಯಲ್ಲಿ ಬಡವ ಬಲ್ಲಿದ ಎಂಬ ಭೇದ ಇಲ್ಲ, ಅದು ನ್ಯಾಯ ಅನ್ನಿಸುತ್ತದೆ. ಆದರೆ ನಿಜವಾಗಿ ಕಾರಿಲ್ಲದೆ ಆಗದವನಿಗೆ ವರ್ಷಗಟ್ಟಲೆ ಸಿಗುವುದಿಲ್ಲ, ಸುಮ್ನೆ ಹೆಸರು ಹಾಕಿದವನಿಗೆ ಸಿಕ್ಕಿಬಿಡುತ್ತದೆ. ಗುವಾಂಗ್‌ಝೌ 2012ರಲ್ಲಿ ಸ್ವಲ್ಪ ಲಾಟರಿ, ಸ್ವಲ್ಪ ಹರಾಜು ಎಂದು ಎರಡನ್ನೂ ಬೆರೆಸಿತು. ಜನ ಪಕ್ಕದ ಪ್ರಾಂತ್ಯದ ಪ್ಲೇಟ್ ಹಾಕಿಸಿಕೊಂಡು ಬರುವುದು ಎಲ್ಲ ಕಡೆಯ ಕಥೆ. ಕೊನೆಗೆ ಹೊರಗಿನ ಪ್ಲೇಟುಗಳ ಓಡಾಟಕ್ಕೂ ಬೇರೆ ನಿಯಮ ಬೇಕಾಯಿತು.

ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಕಾರು ಮಾರಾಟವಾದರೆ ಲಾಭ ಇಡೀ ದೇಶಕ್ಕೆ. ಕಾರ್ಖಾನೆ, ಕೆಲಸ, ತೆರಿಗೆ ಎಲ್ಲ ಅಲ್ಲಿ ಸೇರುತ್ತವೆ. ಜಾಮ್ ಮಾತ್ರ ನಗರದ ಪಾಲು. ಹಾಗಾಗಿ ಎರಡು ಸರ್ಕಾರಗಳು ಎರಡು ದಿಕ್ಕಿಗೆ ಎಳೆಯುತ್ತವೆ. 2019ರಲ್ಲಿ ಚೀನಾದ ಕೇಂದ್ರ ಸರ್ಕಾರವೇ ಕಾರು ಕೊಳ್ಳುವ ಮಿತಿ ಸಡಿಲಿಸಿ ಎಂದು ನಗರಗಳಿಗೆ ಹೇಳಿತು. ಗುವಾಂಗ್‌ಝೌ, ಶೆನ್‌ಝೆನ್ ಒಂದಿಷ್ಟು ಪ್ಲೇಟ್ ಜಾಸ್ತಿ ಮಾಡಿದವು.

ಓಡಿಸುವುದನ್ನು ತಡೆಯುವ ಅತಿ ಅಗ್ಗದ ದಾರಿ ಅಂದರೆ ನಂಬರಿನ ಮೇಲೆ ನಿಷೇಧ. ಸಮ-ಬೆಸ, ವಾರಕ್ಕೊಂದು ದಿನ, ಹೀಗೆ. ಒಂದು ಆದೇಶ ಹೊರಡಿಸಿ ಪೊಲೀಸರನ್ನು ನಿಲ್ಲಿಸಿದರೆ ನಾಳೆಯಿಂದಲೇ ಜಾರಿ. ಅದಕ್ಕೇ ಸರ್ಕಾರಗಳಿಗೆ ಇಷ್ಟ. ನನಗೆ ಇಷ್ಟವಿಲ್ಲ. ಮೆಕ್ಸಿಕೋ ಸಿಟಿ 1989ರ ನವೆಂಬರ್‌ನಲ್ಲಿ ಪ್ರತಿ ಕಾರು ವಾರಕ್ಕೊಂದು ದಿನ ಮನೆಯಲ್ಲಿರಲಿ ಎಂದು ನಿಯಮ ತಂದಿತು. ಮಾಲೀಕರು ಏನು ಮಾಡಿದರು? ಬೇರೆ ನಂಬರಿನ ಇನ್ನೊಂದು ಕಾರು ತಂದರು, ಅದರಲ್ಲೂ ಹಳೆಯದು, ಹೊಗೆ ಜಾಸ್ತಿ ಬಿಡುವಂಥದ್ದು. ಲೂಕಸ್ ಡೇವಿಸ್ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ನಿಯಮದಿಂದ ಗಾಳಿ ಸುಧಾರಿಸಿದ ಯಾವ ಕುರುಹೂ ಸಿಗಲಿಲ್ಲ. 2016ರಲ್ಲಿ ದೆಹಲಿ ಮಾಡಿದ ಹಾಗೆ ಹದಿನೈದು ದಿನಕ್ಕೆ ಸಮ-ಬೆಸ ತಂದರೆ ನಡೆಯುತ್ತದೆ, ಯಾಕೆಂದರೆ ಹದಿನೈದು ದಿನಕ್ಕೋಸ್ಕರ ಯಾರೂ ಎರಡನೇ ಕಾರು ಕೊಳ್ಳುವುದಿಲ್ಲ. ಖಾಯಂ ಮಾಡಿದರೆ ಕೊಳ್ಳುತ್ತಾರೆ. ಒಲಿಂಪಿಕ್ಸಿಗೆ, ಗಾಳಿ ತೀರಾ ಕೆಟ್ಟ ವಾರಕ್ಕೆ ಇದು ಸರಿ. ಅದರಾಚೆಗೆ ಬೇಡ.

ಶುಲ್ಕ ಹಾಕುವುದು ಇದಕ್ಕಿಂತ ಕಷ್ಟ, ಆದರೆ ಕೆಲಸ ಮಾಡುತ್ತದೆ. ಸ್ವೀಡನ್ನಿನ ಸ್ಟಾಕ್‌ಹೋಂ ಇದನ್ನು ಪ್ರಯೋಗದ ಹಾಗೆಯೇ ನಡೆಸಿತು. 2006ರ ಜನವರಿಯಿಂದ ಜುಲೈವರೆಗೆ ಏಳು ತಿಂಗಳು ಶುಲ್ಕ. ಊರ ಸುತ್ತ 18 ಕಡೆ ಕ್ಯಾಮೆರಾ, ದಾಟಿದಾಗೆಲ್ಲ 10ರಿಂದ 20 ಕ್ರೋನಾ, ದಿನಕ್ಕೆ 60ಕ್ಕಿಂತ ಜಾಸ್ತಿ ಇಲ್ಲ. ಗಡಿ ದಾಟುವ ಓಟ ಸುಮಾರು ಶೇ 20 ಇಳಿಯಿತು. ಮೊದಲೇ ನೋಡಿದ ಲೆಕ್ಕ ನೆನಪಿದೆಯಲ್ಲ, ಶೇ 20 ಅಂದರೆ ಸಾಲುಗಳೇ ಕರಗಿಹೋಗುತ್ತವೆ. ಜುಲೈ ಕೊನೆಗೆ ಶುಲ್ಕ ನಿಲ್ಲಿಸಿದರು. ಕಾರುಗಳು ಬಹುಪಾಲು ವಾಪಸ್ ಬಂದವು! ಸೆಪ್ಟೆಂಬರ್‌ನಲ್ಲಿ ಜನಮತ ಕೇಳಿದಾಗ ನಗರದವರು ಸಣ್ಣ ಅಂತರದಲ್ಲಿ ಒಪ್ಪಿದರು. 2007ರ ಆಗಸ್ಟ್‌ನಿಂದ ಖಾಯಂ. ಶುರುವಿಗೆ ಬಹುಪಾಲು ಜನ ವಿರೋಧಿಸಿದ್ದ ಊರಿನಲ್ಲಿ ಕೆಲವು ವರ್ಷದ ಮೇಲೆ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಜನ ಅದರ ಪರ ಇದ್ದರು. ಕಾರು ಬಿಟ್ಟವರನ್ನು ಕೇಳಿದರೆ ತಾವು ಬದಲಾಗಿದ್ದೇವೆ ಎಂಬುದೇ ಎಷ್ಟೋ ಜನರಿಗೆ ಗೊತ್ತಿರಲಿಲ್ಲ.

ಶುಲ್ಕ ಹಾಕಿ ತೋರಿಸುವ ಮೊದಲೇ ಮತ ಕೇಳಿದ ಕಡೆ ಅದು ಬಹುತೇಕ ಸೋತಿದೆ. ಎಡಿನ್‌ಬರೋದಲ್ಲಿ 2005ರಲ್ಲಿ, ಮ್ಯಾಂಚೆಸ್ಟರ್ ಸುತ್ತಲಿನ ಪ್ರದೇಶದಲ್ಲಿ 2008ರಲ್ಲಿ ಜನ ಭಾರೀ ಅಂತರದಿಂದ ತಳ್ಳಿಹಾಕಿದರು. ಹಾಂಗ್‌ಕಾಂಗ್ 1980ರ ದಶಕದಲ್ಲೇ ಎಲೆಕ್ಟ್ರಾನಿಕ್ ಶುಲ್ಕದ ಪರೀಕ್ಷೆ ಮಾಡಿತ್ತು. ಯಂತ್ರ ಚೆನ್ನಾಗೇ ಕೆಲಸ ಮಾಡಿತು. ಯಾರು ಎಲ್ಲಿ ಹೋಗುತ್ತಾರೆ ಎಂದು ಸರ್ಕಾರ ಬರೆದಿಟ್ಟುಕೊಳ್ಳುತ್ತದೆ ಎಂಬ ಭಯ ಎದ್ದು ಕೈಬಿಟ್ಟರು. ಆ ಭಯ ಇವತ್ತಿಗೂ ಸುಳ್ಳಲ್ಲ. ಕ್ಯಾಮೆರಾ ಹಿಡಿದ ನಂಬರುಗಳನ್ನು ಎಷ್ಟು ದಿನ ಇಡುತ್ತಾರೆ, ಯಾರಿಗೆ ಕೊಡುತ್ತಾರೆ ಎಂಬುದನ್ನು ಕಾನೂನಿನಲ್ಲೇ ಬರೆಯಿಸಿಕೊಳ್ಳಬೇಕು.

“ದುಡ್ಡು ಮಾಡುವ ದಾರಿ ತಾನೆ” ಎಂದೂ ಕೇಳಿದ್ದೀರಿ. ಆಸೆ ಇರುತ್ತದೆ, ಇಲ್ಲ ಅನ್ನಲಾರೆ. ಶುಲ್ಕ ಖಜಾನೆಯ ಅಭ್ಯಾಸವಾದರೆ ಕಾರು ಕಮ್ಮಿಯಾಗುವುದೇ ಸರ್ಕಾರಕ್ಕೆ ಬೇಡವಾಗಬಹುದು. ಅದಕ್ಕೇ ಲಂಡನ್‌ನಲ್ಲಿ ಉಳಿದ ಹಣ ಸಾರಿಗೆಗೇ ಹೋಗಬೇಕು ಎಂದು ಕಾನೂನಿನಲ್ಲಿ ಕಟ್ಟಿಹಾಕಿದ್ದಾರೆ. ಬಡವರಿಗೆ ಹೊರೆ ಅಲ್ವಾ ಅನ್ನುವುದು ಇನ್ನೂ ಗಟ್ಟಿಯಾದ ಆಕ್ಷೇಪ. ರಾತ್ರಿ ಪಾಳಿಯವರು, ಅಂಗವಿಕಲರು, ಬಸ್ಸೇ ಬಾರದ ಮೂಲೆಯಲ್ಲಿರುವವರು ಇವರಿಗೆಲ್ಲ ರಿಯಾಯಿತಿ ಬೇಕು. ಆದರೆ ಪೀಕ್ ಅವರ್‌ನಲ್ಲಿ ಊರ ಮಧ್ಯಕ್ಕೆ ಕಾರು ತರುವವರಲ್ಲಿ ಬಡವರು ಎಷ್ಟಿದ್ದಾರೆ? ಬಹಳಷ್ಟು ನಗರಗಳಲ್ಲಿ ಬಡವರು ಅದೇ ಜಾಮ್‌ನಲ್ಲಿ ಸಿಕ್ಕಿಬಿದ್ದ ಬಸ್ಸಿನೊಳಗೆ ನಿಂತಿರುತ್ತಾರೆ.

ನನ್ನನ್ನು ಕೇಳಿದರೆ ಶುಲ್ಕಕ್ಕಿಂತ ಮೊದಲು ಪಾರ್ಕಿಂಗ್ ಸರಿಮಾಡಬೇಕು. ಜಪಾನಿನಲ್ಲಿ 1962ರ ಕಾನೂನಿನ ಪ್ರಕಾರ, ಕಾರು ನಿಲ್ಲಿಸಲು ನಿಮ್ಮದೇ ಜಾಗ ಇದೆ ಎಂದು ತೋರಿಸಬೇಕು. ಅದೂ ಮನೆಯಿಂದ 2 ಕಿಲೋಮೀಟರ್ ಒಳಗೆ. ಪೊಲೀಸರು ಪತ್ರ ಕೊಟ್ಟರಷ್ಟೇ ನೋಂದಣಿ. ರಾತ್ರಿಯಿಡೀ ರಸ್ತೆಯಲ್ಲಿ ಬಿಡುವ ಹಾಗಿಲ್ಲ. ಟೋಕಿಯೋದಂಥ ಊರಿನಲ್ಲಿ ಈ ಒಂದು ನಿಯಮವೇ ಎಷ್ಟೋ ಜನರನ್ನು ರೈಲಿನಲ್ಲಿ ಉಳಿಸಿದೆ. ಕಾರು ಕೊಳ್ಳುವುದಕ್ಕೆ ಹಾಕಿದ ಮಿತಿ ಎಂದು ಇದನ್ನು ಯಾರೂ ಕರೆಯುವುದಿಲ್ಲ, ಗಲಾಟೆಯೂ ಇಲ್ಲ. ಪ್ಯಾರಿಸ್ 2024ರಲ್ಲಿ ಜನಮತ ಕೇಳಿ, ಹೊರಗಿನಿಂದ ಬರುವ 1.6 ಟನ್‌ಗಿಂತ ಭಾರದ ಪೆಟ್ರೋಲ್, ಡೀಸೆಲ್ ಕಾರುಗಳ ಪಾರ್ಕಿಂಗ್ ದರವನ್ನು ಊರ ನಡುವೆ ಗಂಟೆಗೆ 18 ಯೂರೋಗೆ ಏರಿಸಿತು. ಮತ ಹಾಕಲು ಬಂದವರು ಶೇ 6 ಕೂಡ ಇರಲಿಲ್ಲ, ಅದು ಬೇರೆ ಮಾತು. ರಸ್ತೆ ಬದಿ ಪುಕ್ಕಟೆ ಬಿಟ್ಟು, ಅದೇ ರಸ್ತೆ ಸಾಲದು ಎಂದು ಫ್ಲೈಓವರ್ ಕಟ್ಟುವ ಸರ್ಕಾರದ ಲೆಕ್ಕ ಮಾತ್ರ ನನಗೆ ಅರ್ಥವಾಗುವುದಿಲ್ಲ.

ಕಾರು ಬಿಡಿ ಅನ್ನುವ ಮೊದಲು ಹತ್ತಲು ಏನಾದರೂ ಇರಬೇಕು ಎಂದು ನೀವು ಕೇಳಿಯೇ ಕೇಳುತ್ತೀರಿ. ಸರಿಯಾದ ಮಾತು. 2003ರ ಫೆಬ್ರುವರಿಯಲ್ಲಿ ಲಂಡನ್ 5 ಪೌಂಡ್ ಶುಲ್ಕ ಶುರು ಮಾಡಿದಾಗ ಜೊತೆಗೇ ಸುಮಾರು 300 ಬಸ್ ರಸ್ತೆಗಿಳಿಸಿತು. ಸ್ಟಾಕ್‌ಹೋಂ ಇನ್ನೂ ಮುಂಚೆ, 2005ರ ಆಗಸ್ಟ್‌ನಲ್ಲೇ ಹೊಸ ಬಸ್ಸುಗಳನ್ನು ಬಿಟ್ಟಿತು. ಬಸ್ ಚೆನ್ನಾಗಿ ಮಾಡಿದರೆ ಸಾಕು, ಶುಲ್ಕ ಯಾಕೆ ಅನ್ನುವವರಿಗೂ ಅಲ್ಲೇ ಉತ್ತರ ಸಿಕ್ಕಿತು. ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಬಸ್ಸುಗಳು ಓಡಿದವು, ಕಾರುಗಳ ಸಂಖ್ಯೆ ಕದಲಲಿಲ್ಲ. ಇಳಿದದ್ದು ಜನವರಿಯಲ್ಲಿ, ಶುಲ್ಕ ಬಂದ ಮೇಲೆ.